ಗುರ್‌ಪ್ರೀತ್ ನಾರ್ವೆಯಲ್ಲಿದ್ದ ಮೂರು ವರ್ಷ ನಷ್ಟವೋ ಲಾಭವೋ? ಗೋಲ್‌ಕೀಪರ್ ವೃತ್ತಿ ಬಗ್ಗೆ ಒಂದು ಥ್ರೆಡ್

ಹಲಸೂರು_ಕಾರ್ನರ್

ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಪಂದ್ಯದ ಥ್ರೆಡ್ಡಲ್ಲಿ ಈ ಜಗಳ ಎದ್ದರೆ ಪಂದ್ಯದ ಮಾತೇ ಮರೆತುಹೋಗುತ್ತೆ, ಅದಕ್ಕೇ ಬೇರೆ ಥ್ರೆಡ್ ತೆಗೆದಿದ್ದೀನಿ.

ಭಾರತ ತಂಡದ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದಾಗ ವಯಸ್ಸು 22. ಬೆಂಗಳೂರಿಗೆ ಬಂದಿದ್ದು 2017ರ ಆಗಸ್ಟ್‌ನಲ್ಲಿ. ಆ ಮೂರು ವರ್ಷದಲ್ಲಿ ಆಡಿದ ಲೀಗ್ ಪಂದ್ಯ ತೀರಾ ಕಡಿಮೆ. ಆಡಬೇಕಾದ ವಯಸ್ಸಲ್ಲಿ ಬೆಂಚಲ್ಲಿ ಕೂತು ಕಾಲ ಕಳೆದ ಅಂತ ಕೆಲವರು. ಅಲ್ಲಿಗೆ ಹೋಗದಿದ್ರೆ ಈ ಗುರ್‌ಪ್ರೀತ್ ಸಿಗ್ತಾನೇ ಇರಲಿಲ್ಲ ಅಂತ ಉಳಿದವರು. 16–17ರ ಹುಡುಗ ಕೀಪರ್ ಆಗಬೇಕು ಅಂದರೆ ಯಾವುದನ್ನ ನಂಬಬೇಕು? ಅಭಿಮಾನದ ಮಾತು ಬೇಡ, ಕೆಲಸದ ವಿವರ ಬರೀರಿ.

ಎರಡನೇ_ಕೀಪರ್

ಮೊದಲು ಲೆಕ್ಕ ಸರಿಮಾಡ್ಕೊಳ್ಳೋಣ. ವಿಂಗರ್‌ಗೆ 70ನೇ ನಿಮಿಷದಲ್ಲಿ ಇಳಿದು 20 ನಿಮಿಷ ಆಡೋ ಅವಕಾಶ ಇರುತ್ತೆ. ಕೀಪರ್‌ಗೆ ಅದಿಲ್ಲ. ತಂಡದಲ್ಲಿ ಮೂವರು ಇದ್ದರೂ ಜಾಗ ಒಂದೇ. ಮೊದಲ ಕೀಪರ್‌ಗೆ ಗಾಯ ಆಗಬೇಕು, ಕೆಂಪು ಕಾರ್ಡ್ ಬೀಳಬೇಕು, ಇಲ್ಲಾ ಸಾಲಾಗಿ ತಪ್ಪು ಮಾಡಬೇಕು. ಅಲ್ಲಿವರೆಗೆ ಕೋಚ್ ಬದಲಾಯಿಸಲ್ಲ. ಸ್ಟಾಬೆಕ್‌ನಲ್ಲಿ ಆಗ ಮೊದಲ ಕೀಪರ್ ಐವರಿ ಕೋಸ್ಟ್‌ನ ಸಯೂಬಾ ಮಾಂಡೆ, ಕೋಚ್ ಅಮೆರಿಕ ತಂಡದ ಮಾಜಿ ಕೋಚ್ ಬಾಬ್ ಬ್ರ್ಯಾಡ್ಲಿ. ಮಾಂಡೆ ಚೆನ್ನಾಗೇ ಆಡ್ತಿದ್ದ, ಗುರ್‌ಪ್ರೀತ್‌ಗೆ ಸಿಕ್ಕಿದ್ದು ನಾರ್ವೆ ಕಪ್ ಪಂದ್ಯಗಳು. ಯುರೋಪಿನಲ್ಲಿ ಕಪ್ ಪಂದ್ಯ ಎರಡನೇ ಕೀಪರ್‌ಗೆ ಬಿಟ್ಟುಕೊಡೋದು ವಾಡಿಕೆ. ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಅದನ್ನೇ ಮಾತಾಡ್ಕೋಬೇಕು.

ಲೀಗ್‌ನಲ್ಲಿ ಅವಕಾಶ ಬಂದಿದ್ದು 2016ರಲ್ಲಿ. ಅದೇ ವರ್ಷ ಜೂನ್ 30ರಂದು ವೇಲ್ಸ್‌ನ ಕೊನ್ನಾಸ್ ಕೀ ನೊಮಾಡ್ಸ್ ವಿರುದ್ಧ ಯುರೋಪಾ ಲೀಗ್ ಅರ್ಹತಾ ಪಂದ್ಯ. ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಅವನೇ.

ಸುಮ್ನೆ_ನೋಡ್ತೀನಿ

ದಾಖಲೆ ಸರಿ, ಪಂದ್ಯ ಎಲ್ಲಿ? ಅದೇ ಹೊತ್ತಲ್ಲಿ ಇನ್ನೊಬ್ಬ ಕೀಪರ್ ಅಮರಿಂದರ್ ಸಿಂಗ್ ಇಲ್ಲೇ ಉಳಿದ. 2016ರಲ್ಲಿ ಬಿಎಫ್‌ಸಿ ಜೊತೆ ಏಷ್ಯಾ ಕ್ಲಬ್‌ಗಳ ಎಎಫ್‌ಸಿ ಕಪ್ ಆಡಿದ, ಅದೇ ವರ್ಷ ಮುಂಬೈ ಸಿಟಿಗೆ ಆಡಿ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಗೋಲ್ಡನ್ ಗ್ಲೌವ್, ಅಂದರೆ ಅತ್ಯುತ್ತಮ ಕೀಪರ್ ಪ್ರಶಸ್ತಿ, ತಗೊಂಡ. ಕೀಪರ್ ಕಲಿಯೋದು ಪಂದ್ಯದಲ್ಲೇ ಗುರು. ಅಭ್ಯಾಸದಲ್ಲಿ ಯಾರೂ ಮೊಣಕೈಯಲ್ಲಿ ತಳ್ಳಲ್ಲ, 30 ಸಾವಿರ ಜನ ಕೂಗಲ್ಲ.

ಎರಡನೇ_ಕೀಪರ್

ಅಮರಿಂದರ್ ಹೆಸರು ನೀವೇ ಎತ್ತಿದ್ರಿ, ಆ ಎಎಫ್‌ಸಿ ಕಪ್‌ನ ಕೊನೆ ನೋಡಿ. ಹಳದಿ ಕಾರ್ಡ್‌ಗಳ ಕಾರಣ 2016ರ ನವೆಂಬರ್ 5ರ ದೋಹಾ ಫೈನಲ್‌ಗೆ ಅಮರಿಂದರ್ ಇಲ್ಲ. ಭಾರತದ ಕ್ಲಬ್ಬೊಂದು ಮೊದಲ ಸಲ ಆ ಫೈನಲ್ ಆಡ್ತಿತ್ತು, ಪೋಸ್ಟ್ ಮಧ್ಯೆ ನಿಂತಿದ್ದು ಲಾಲ್‌ಥುವಾಮ್ಮಾವಿಯಾ ರಾಲ್ಟೆ. ಇರಾಕ್‌ನ ಅಲ್ ಕುವಾ ಅಲ್ ಜವಿಯಾ ಗೆದ್ದಿದ್ದು 1–0. ಎರಡನೇ ಕೀಪರ್‌ನ ಕೆಲಸ ಅಂದರೆ ಇದು. ತಿಂಗಳುಗಟ್ಟಲೆ ಏನೂ ಇಲ್ಲ, ಆಮೇಲೆ ಏಕಾಏಕಿ ಜೀವಮಾನದ ದೊಡ್ಡ ಪಂದ್ಯ. ಅಭ್ಯಾಸವನ್ನ ಪಂದ್ಯದಷ್ಟೇ ಬಿರುಸಾಗಿ ಮಾಡದವನು ಅಲ್ಲಿ ಸಿಕ್ಕಿಬೀಳ್ತಾನೆ.

ಆಗಿನ ಭಾರತದ ಪರಿಸ್ಥಿತಿನೂ ನೆನಪಿಡಿ. 2014ರ ಐಎಸ್‌ಎಲ್ ಅಕ್ಟೋಬರ್ 12ರಿಂದ ಡಿಸೆಂಬರ್ 20ರವರೆಗೆ ಮಾತ್ರ, ಲೀಗ್ ಹಂತದಲ್ಲಿ ತಂಡಕ್ಕೆ 14 ಪಂದ್ಯ. ಕೀಪರ್ ಜಾಗ ಎಷ್ಟೋ ತಂಡದಲ್ಲಿ ವಿದೇಶಿಯರದ್ದು: ಕೇರಳದಲ್ಲಿ ಡೇವಿಡ್ ಜೇಮ್ಸ್, ಕೋಲ್ಕತ್ತದಲ್ಲಿ ಅಪೌಲಾ ಎಡೆಲ್. ಆಮೇಲೆ ಮೈದಾನದಲ್ಲಿ ಇರಬಹುದಾದ ವಿದೇಶಿಯರ ಸಂಖ್ಯೆ ಇಳೀತಾ ಬಂತು, ಅಷ್ಟು ಬೆಲೆಬಾಳೋ ಜಾಗವನ್ನ ಕ್ಲಬ್‌ಗಳು ಕೀಪರ್‌ಗೆ ಕೊಡೋದು ನಿಲ್ಲಿಸಿದವು. ಇವತ್ತು ಭಾರತೀಯ ಕೀಪರ್‌ಗೆ ಬೇಡಿಕೆ ಇದೆ ಅಂದರೆ ಆ ನಿಯಮದ ಪಾಲು ದೊಡ್ಡದು.

ಗೆರೆ_ಮೇಲೆ

ನಾರ್ವೆ ಏನು ಕೊಡ್ತು ಅನ್ನೋದನ್ನ ಪಂದ್ಯದ ಸಂಖ್ಯೆಯಲ್ಲಿ ಹುಡುಕಬೇಡಿ, ಪಾದದಲ್ಲಿ ಹುಡುಕಿ.

ಅವನ ಎತ್ತರ 1.98 ಮೀಟರ್. ಎತ್ತರದ ಕೀಪರ್‌ಗೆ ಮೇಲಿನ ಮೂಲೆ ಅಷ್ಟು ಕಷ್ಟ ಅಲ್ಲ, ಕಾಲಿನ ಪಕ್ಕ ಒಂದು ಮೀಟರ್ ದೂರದಲ್ಲಿ ನೆಲಕ್ಕಂಟಿ ಬರೋ ಚೆಂಡು ಕಷ್ಟ. ಸೊಂಟ ಅಷ್ಟು ಮೇಲಿಂದ ಇಳಿಯೋಕೆ ಹೊತ್ತು ಬೇಕು. ಅದಕ್ಕೆ ಮದ್ದು ಹಾರೋದಲ್ಲ, ಕುಸಿಯೋದು. ಚೆಂಡಿನ ಕಡೆಯ ಕಾಲನ್ನ ಒಳಕ್ಕೆ ಎಳ್ಕೊಂಡು ಆ ಬದಿಗೆ ಮೈ ಬಿಡೋದು, ಕೈ ಮೊದಲು ನೆಲಕ್ಕೆ, ಮೈ ಹಿಂದೆ. ದಿನಕ್ಕೆ ಎರಡೂ ಬದಿಗೆ ನೂರಾರು ಸಲ ಮಾಡಿದರೆ ಮಾತ್ರ ಯೋಚಿಸದೇ ಬರುತ್ತೆ. ಕೀಪರ್‌ಗಳಿಗಂತಲೇ ದಿನವೂ ಕೋಚ್ ಇರೋ ಜಾಗದಲ್ಲಿ ಮೂರು ವರ್ಷ ಇದ್ದರೆ ಸಿಗೋದು ಇದು.

ಎರಡನೇದು ಸೆಟ್ ಆಗೋದು. ಎದುರಾಳಿ ಒದೆಯೋ ಕ್ಷಣದಲ್ಲಿ ಎರಡೂ ಪಾದ ನೆಲದ ಮೇಲೆ ಇರಬೇಕು, ಭುಜದಷ್ಟು ಅಗಲ, ಭಾರ ಪಾದದ ಮುಂಭಾಗದಲ್ಲಿ, ಕೈ ಸೊಂಟದ ಮಟ್ಟದಲ್ಲಿ ಮುಂದಕ್ಕೆ. ಒದೆಗೆ ಸ್ವಲ್ಪ ಮುಂಚೆ ಒಂದು ಸಣ್ಣ ಕುಪ್ಪಳಿಕೆ ಹಾಕಿ ಸರಿಯಾಗಿ ಆ ಹೊತ್ತಿಗೆ ಇಳೀಬೇಕು. ಮೈದಾನದಲ್ಲಿ ನಾವು ನೋಡೋ ಅರ್ಧ ಗೋಲುಗಳು ಕೈ ಸಾಲದೇ ಆಗಿದ್ದಲ್ಲ, ಒದೆಯೋ ಹೊತ್ತಿಗೆ ಕೀಪರ್ ಇನ್ನೂ ನಡೀತಾ ಇದ್ದಿದ್ದಕ್ಕೆ ಆಗಿದ್ದು. ನಡೀತಿರುವವನ ಒಂದು ಕಾಲು ಗಾಳಿಯಲ್ಲಿರುತ್ತೆ, ಆ ಕಡೆಗೆ ಅವನು ಹಾರಲಾರ.

ಇನ್ನು ಕೋನ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಚೆಂಡು ನೇರ ಎದುರಿಗೆ 11 ಮೀಟರ್‌ನಲ್ಲಿದೆ ಅಂದ್ಕೊಳ್ಳಿ. ಗೆರೆ ಮೇಲೇ ನಿಂತರೆ ಪೂರ್ತಿ 7.32 ಮೀಟರ್ ಕಾಯಬೇಕು. 3 ಮೀಟರ್ ಮುಂದೆ ಬಂದರೆ ಅದು 5.3 ಮೀಟರ್‌ಗೆ ಇಳಿಯುತ್ತೆ. ಹಾಗಂತ ಇನ್ನೂ ಮುಂದೆ ಬಂದರೆ ತಲೆ ಮೇಲಿಂದ ಎತ್ತಿ ಹಾಕ್ತಾರೆ, ಜೊತೆಗೆ ಪ್ರತಿಕ್ರಿಯೆಗೆ ಸಿಗೋ ಸಮಯವೂ ಕಡಿಮೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನೋದೇ ಕೀಪರ್‌ನ ಅರ್ಧ ವಿದ್ಯೆ.

ಸುಮ್ನೆ_ನೋಡ್ತೀನಿ

ಸರಿ, ಕತಾರ್ ಪಂದ್ಯ ಬರುತ್ತೆ ಈಗ, ಗೊತ್ತು :)

ಗೆರೆ_ಮೇಲೆ

ಬರಲೇಬೇಕಲ್ಲ. 2019ರ ಸೆಪ್ಟೆಂಬರ್ 10, ದೋಹಾ, ವಿಶ್ವಕಪ್ ಅರ್ಹತಾ ಪಂದ್ಯ. ಛೆಟ್ರಿ ಜ್ವರದಿಂದ ಹೊರಗೆ, ಗುರ್‌ಪ್ರೀತ್ ನಾಯಕ. ಎದುರಿಗೆ ಅದೇ ವರ್ಷ ಏಷ್ಯನ್ ಕಪ್ ಗೆದ್ದ ತಂಡ, ಅವರದೇ ನೆಲ. 0–0. ಐದು ದಿನ ಮುಂಚೆ ಗುವಾಹಟಿಯಲ್ಲಿ ಓಮನ್ ವಿರುದ್ಧ ಕೊನೆ ಹತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟು 1–2ರಲ್ಲಿ ಸೋತಿದ್ದ ತಂಡ ಇದು.

ಆದರೆ ಕೀಪರ್ ಆಗಬೇಕು ಅನ್ನೋ ಹುಡುಗರಿಗೆ ಆ ಪಂದ್ಯಕ್ಕಿಂತ 35 ದಿನ ಆದ್ಮೇಲಿನ ಕೋಲ್ಕತ್ತ ಪಂದ್ಯ ತೋರಿಸಬೇಕು. ಅಕ್ಟೋಬರ್ 15, ಬಾಂಗ್ಲಾದೇಶ ವಿರುದ್ಧ. 42ನೇ ನಿಮಿಷದಲ್ಲಿ ಬದಿಯಿಂದ ಫ್ರೀಕಿಕ್ ಬಂತು, ಅದೇ ಗುರ್‌ಪ್ರೀತ್ ಹೊರಗೆ ಬಂದ, ಚೆಂಡು ಕೈಗೆ ಸಿಗಲಿಲ್ಲ, ಸಾದ್ ಉದ್ದೀನ್ ತಲೆ ಕೊಟ್ಟ. ಆದಿಲ್ ಖಾನ್ 88ನೇ ನಿಮಿಷದಲ್ಲಿ ಸಮ ಮಾಡಿದ್ದರಿಂದ 1–1.

ಕ್ರಾಸ್‌ಗೆ ಬರೋದು ಹೀಗೆ: ಚೆಂಡು ಬದಿಯಲ್ಲಿದ್ದಾಗ ಗೋಲಿನ ನಡುವೆ ಅಥವಾ ಒಂಚೂರು ದೂರದ ಪೋಸ್ಟ್ ಕಡೆ, ಗೆರೆಯಿಂದ ಒಂದೆರಡು ಹೆಜ್ಜೆ ಮುಂದೆ, ಮೈ ಅಡ್ಡಕ್ಕೆ ತೆರೆದು ನಿಲ್ಲಬೇಕು. ಮುಂದಕ್ಕೆ ಓಡೋದು ಸುಲಭ, ಹಿಂದಕ್ಕೆ ಹೋಗೋದು ಕಷ್ಟ, ಅದಕ್ಕೇ ದೂರದ ಪೋಸ್ಟ್ ಕಡೆ ಒಲವು. ಚೆಂಡು ಪಾದ ಬಿಟ್ಟ ಮೇಲೆ ಅದರ ದಾರಿ ಓದಿ ಆಮೇಲೆ ಹೊರಡಬೇಕು: ತಡವಾಗಿ ತೀರ್ಮಾನ, ಹೊರಟ ಮೇಲೆ ಜೋರು. ಹೊರಡುವಾಗಲೇ 'ಕೀಪರ್' ಅಂತ ಕೂಗಬೇಕು, ಡಿಫೆಂಡರ್‌ಗಳು ಜಾಗ ಬಿಡಲಿ ಅಂತ. ಒಂದೇ ಕಾಲಲ್ಲಿ ಎಗರಿ, ಇನ್ನೊಂದು ಮಂಡಿ ಮೇಲಕ್ಕೆ, ಚೆಂಡು ತನ್ನ ತುತ್ತತುದಿಯಲ್ಲಿರುವಾಗ ಹಣೆಯ ಮುಂದೆ ಹಿಡೀಬೇಕು. ಗುಂಪು ದಟ್ಟವಾಗಿದ್ದರೆ ಕ್ಯಾಚ್ ಆಸೆ ಬಿಟ್ಟು ಎರಡೂ ಮುಷ್ಟಿ ಜೋಡಿಸಿ ಪಂಚ್: ಮೊದಲು ಎತ್ತರ, ಆಮೇಲೆ ದೂರ, ಆಮೇಲೆ ಬದಿಗೆ. ತಪ್ಪಾಗೋದು ಬಹುತೇಕ ಬೇಗ ಹೊರಟಾಗ. ಅರ್ಧ ದಾರಿಯಲ್ಲಿ ಚೆಂಡು ಸಿಗಲ್ಲ ಅಂತ ಗೊತ್ತಾಗುತ್ತೆ, ಹಿಂದೆ ಹೋಗೋಕೂ ಆಗಲ್ಲ. ಆಗ ನೋಡೋರಿಗೆ ಕೈ ತಪ್ಪಿತು ಅನ್ಸುತ್ತೆ, ನಿಜವಾಗಿ ತಪ್ಪಿದ್ದು ಮೊದಲ ಹೆಜ್ಜೆ.

ಆಸ್ಟಿನ್‌ಟೌನ್_ಮಣ್ಣು

ಡೈವ್ ಕಲಿಸೋರಿಗೆ ಒಂದು ವಿನಂತಿ. ನಾರ್ವೆ ಹುಲ್ಲು ಬೇರೆ, ನಮ್ಮ ಕೆಂಪು ಮಣ್ಣು ಬೇರೆ. ಇಲ್ಲಿ ಮೊಣಕೈ ಊರಿ ಬಿದ್ದರೆ ಒಂದೇ ವಾರದಲ್ಲಿ ಹುಡುಗ ಹೆದರ್ಕೊಂಡು ಡೈವ್ ಬಿಟ್ಟುಬಿಡ್ತಾನೆ. ಮೊದಲು ಮಂಡಿ ಮೇಲೆ ಕೂತು ಬದಿಗೆ ಬೀಳೋದು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ನೆಲಕ್ಕೆ ತಾಗೋ ಕ್ರಮ: ಮೊಣಕಾಲಿನ ಹೊರಬದಿ, ತೊಡೆ, ಸೊಂಟದ ಪಕ್ಕ, ಭುಜದ ಹಿಂಬದಿ. ಹೊಟ್ಟೆ ಮೇಲೂ ಬೇಡ, ಮೊಣಕೈ ಮೇಲೂ ಬೇಡ. ಸೊಂಟಕ್ಕೆ ಪ್ಯಾಡ್ ಇರೋ ಚಡ್ಡಿ, ಉದ್ದ ತೋಳಿನ ಜೆರ್ಸಿ ಇದ್ದರೆ ಚರ್ಮ ಉಳಿಯುತ್ತೆ.

ಗ್ಲೌಸ್ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ. ಅಂಗೈ ಸುತ್ತಳತೆಯನ್ನ ಗೆಣ್ಣಿನ ಕೆಳಗೆ, ಹೆಬ್ಬೆರಳು ಬಿಟ್ಟು, ಇಂಚಲ್ಲಿ ಅಳೀರಿ. ಅದನ್ನ ಮುಂದಿನ ಪೂರ್ಣ ಸಂಖ್ಯೆಗೆ ಏರಿಸಿ 1 ಕೂಡಿಸಿ. 7.6 ಇಂಚು ಬಂದರೆ 8, ಅದಕ್ಕೆ 1 ಸೇರಿ 9ನೇ ಸೈಜ್. ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರ್‌ನಷ್ಟು ಜಾಗ ಇರಬೇಕು. ಬಿಗಿಯಾದರೆ ಲ್ಯಾಟೆಕ್ಸ್ ಹೊಲಿಗೆ ಹತ್ರ ಹರಿಯುತ್ತೆ. ಪಂದ್ಯಕ್ಕೆ ಮೆದು ಲ್ಯಾಟೆಕ್ಸ್, 3.5ರಿಂದ 4 ಮಿಲಿಮೀಟರ್. ಮಣ್ಣಿನ ಅಭ್ಯಾಸಕ್ಕೆ ಗಟ್ಟಿ ಲ್ಯಾಟೆಕ್ಸ್‌ನ ಬೇರೆ ಜೋಡಿ. ಪಂದ್ಯದ ಗ್ಲೌಸ್ ಹಾಕ್ಕೊಂಡು ಮಣ್ಣಲ್ಲಿ ನಾಲ್ಕು ದಿನ ಬಿದ್ದರೆ ಅಂಗೈ ಪುಡಿಪುಡಿ ಉದುರುತ್ತೆ, ಆಮೇಲೆ ಕಂಪನಿ ಸರಿಯಿಲ್ಲ ಅಂತ ಬೈತಾರೆ. ಹೊಸದನ್ನ ಮೊದಲ ಸಲ ಹಾಕೋ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ತೊಳೀಬೇಕು, ಮೇಲಿನ ರಾಸಾಯನಿಕ ಪೊರೆ ಹೋದರೇನೇ ಹಿಡಿತ ಬರೋದು. ಆಡೋ ಮುಂಚೆ ಅಂಗೈ ಸ್ವಲ್ಪ ಒದ್ದೆ ಮಾಡ್ಕೊಳ್ಳಿ. ಬಿಸಿಲಿಗೆ ಒಣಗಿ ಹಾಕಿದರೆ ಲ್ಯಾಟೆಕ್ಸ್ ಬಿರುಕು ಬಿಡುತ್ತೆ, ನೆರಳಲ್ಲಿ ಗಾಳಿಗೆ ಹಾಕಿ. ಎರಡೂ ಅಂಗೈ ಒಂದಕ್ಕೊಂದು ಅಂಟಿಸಿ ಬ್ಯಾಗಲ್ಲಿ ಇಡಬೇಡಿ, ಬಿಡಿಸುವಾಗ ಕಿತ್ತು ಬರುತ್ತೆ.

ಹಲಸೂರು_ಕಾರ್ನರ್

ತುಂಬಾ ಥ್ಯಾಂಕ್ಸ್ ಗುರು. ಪೆನಾಲ್ಟಿ ಬಗ್ಗೆನೂ ಹೇಳಿ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಟೂರ್ನಿ) ಫೈನಲ್ ಕಂಠೀರವದಲ್ಲೇ ಆಗಿದ್ದು.

ಗೆರೆ_ಮೇಲೆ

ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದರೆ 11 ಮೀಟರ್ ದಾಟೋಕೆ 0.4 ಸೆಕೆಂಡು. ಕಣ್ಣು ನೋಡಿ ಮೈ ಅಲುಗೋಕೇ ಅದರಲ್ಲಿ ಅರ್ಧ ಖರ್ಚು. ಮೂಲೆವರೆಗೆ ಹಾರೋಕೆ ಉಳಿದಿದ್ದು ಸಾಲಲ್ಲ. ಹಾಗಾಗಿ ಕೀಪರ್ ಒದೆಯೋದಕ್ಕೆ ಮುಂಚಿನ ಸುಳಿವನ್ನೇ ನಂಬಬೇಕು: ಓಡಿಬರೋ ಕೋನ, ಊರೋ ಕಾಲಿನ ಪಾದ ಯಾವ ಕಡೆ ತಿರುಗಿದೆ, ಸೊಂಟ ತೆರೆದಿದೆಯೋ ಮುಚ್ಚಿದೆಯೋ. ತುಂಬಾ ಬೇಗ ಹಾರಿದರೆ ಒದೆಯೋನು ನೋಡ್ಕೊಂಡು ಇನ್ನೊಂದು ಬದಿಗೆ ಹಾಕ್ತಾನೆ. ಆದಷ್ಟು ತಡ ಮಾಡಿ, ಮಾಡಿದ ಮೇಲೆ ಪೂರ್ತಿ ಹಾರಬೇಕು.

ನಿಯಮವೂ ಬಿಗಿಯಾಗಿದೆ. 2019ರಿಂದ ಒದೆಯೋ ಕ್ಷಣದಲ್ಲಿ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ ಇರಬೇಕು ಅಥವಾ ಗೆರೆಯ ನೇರಕ್ಕೆ ಇರಬೇಕು, 2022ರಿಂದ ಗೆರೆಯ ಹಿಂದಿದ್ದರೂ ಸರಿ. ಮುಂದೆ ಬಂದು ತಡೆದರೆ ಮತ್ತೆ ಒದೆಸ್ತಾರೆ, ಮೊದಲ ಸಲ ಎಚ್ಚರಿಕೆ, ಆಮೇಲೆ ಹಳದಿ. 2023ರಿಂದ ಪೋಸ್ಟ್ ಅಲುಗಿಸೋದು, ಬಲೆ ಎಳೆಯೋದು, ಒದೆಯೋನನ್ನ ಬೇಕಂತಲೇ ತಡಮಾಡಿಸೋದೂ ಇಲ್ಲ.

ಸ್ಯಾಫ್: ಜುಲೈ 1ರ ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧ ಶೂಟೌಟ್ 4–2. ಜುಲೈ 4ರ ಫೈನಲ್ ಕುವೈತ್ ವಿರುದ್ಧ 1–1, ಶೂಟೌಟ್ ಐದೈದು ಒದೆ ಮುಗಿದರೂ ಸಮ, ಆರನೇದರಲ್ಲಿ ಮಹೇಶ್ ಸಿಂಗ್ ಗೋಲು ಹಾಕಿದ, ಕುವೈತ್‌ನ ಖಾಲಿದ್ ಹಜಿಯಾ ಒದ್ದಿದ್ದನ್ನ ಗುರ್‌ಪ್ರೀತ್ ತಡೆದ. 5–4. ಅದೇ ವರ್ಷ ಮಾರ್ಚ್ 18ರ ಐಎಸ್‌ಎಲ್ ಫೈನಲ್ ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಸೋತಿದ್ದೂ ಗುರ್‌ಪ್ರೀತ್ ಇದ್ದ ಬಿಎಫ್‌ಸಿನೇ, 4–3. ಶೂಟೌಟ್‌ನಿಂದ ಕೀಪರ್‌ನ ಅಳೆಯೋರು ಎರಡನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಫಿಸಿಯೋ_ಮೈಸೂರು

ಗಾಯದ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೀತಿದ್ದೀನಿ. ಕೀಪರ್ ವೃತ್ತಿ ಉದ್ದ ಅಂತಾರೆ, ಬೆರಳು ಉಳಿದರೆ ಉದ್ದ. ಕೀಲು ತಪ್ಪಿದ ಬೆರಳನ್ನ ಮೈದಾನದಲ್ಲೇ ಎಳೆದು ಕೂರಿಸೋದು ನಮ್ಮಲ್ಲಿ ಶೂರತನ. ಅದರ ಜೊತೆ ಮೂಳೆ ಚೂರು ಮುರಿದಿದ್ದರೆ ಎಳೆದಾಗ ಇನ್ನಷ್ಟು ಕೆಡುತ್ತೆ. ಎಕ್ಸ್‌ರೇ ಆಗೋವರೆಗೆ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಹಾಕಿ, ಮಂಜುಗಡ್ಡೆ ಇಟ್ಟು, ಕೈ ಎತ್ತಿ ಹಿಡೀರಿ.

ಚೆಂಡು ಬೆರಳ ತುದಿಗೆ ನೇರ ಬಡಿದು, ಆಮೇಲೆ ತುದಿಯ ಗಿಣ್ಣು ಬಾಗಿಯೇ ಉಳಿದು ನೆಟ್ಟಗಾಗದಿದ್ದರೆ ಮೇಲಿನ ಸ್ನಾಯುರಜ್ಜು ಹರಿದಿದೆ ಅಂತ ಅರ್ಥ. ನೋವು ಜಾಸ್ತಿ ಇರಲ್ಲ, ಅದಕ್ಕೇ ಬಿಟ್ಟುಬಿಡ್ತಾರೆ. ತುದಿಯನ್ನ ನೆಟ್ಟಗಿಟ್ಟು 6ರಿಂದ 8 ವಾರ ಬಿಡದೇ ಸ್ಪ್ಲಿಂಟ್ ಹಾಕಬೇಕು. ಸ್ನಾನಕ್ಕೆ ಅಂತ ತೆಗೆದು ಒಂದೇ ಸಲ ಬಾಗಿಸಿದರೂ ಲೆಕ್ಕ ಮತ್ತೆ ಮೊದಲಿಂದ.

ತಲೆ ವಿಷಯದಲ್ಲಿ ರಾಜಿ ಬೇಡ. 2006ರ ಅಕ್ಟೋಬರ್ 14ರಂದು ರೀಡಿಂಗ್ ವಿರುದ್ಧ ಪಂದ್ಯ ಶುರುವಾಗಿ ನಿಮಿಷ ಕಳೆಯೋದರೊಳಗೆ ಚೆಲ್ಸಿಯ ಪೀಟರ್ ಚೆಕ್‌ಗೆ ಎದುರಾಳಿಯ ಮಂಡಿ ಬಡಿದು ತಲೆಬುರುಡೆ ಒಳಕ್ಕೆ ಮುರೀತು. ಅವನು ತಿರುಗಿ ಆಡಿದ್ದು 2007ರ ಜನವರಿಯಲ್ಲಿ, ಆಮೇಲೆ ನಿವೃತ್ತಿವರೆಗೂ ತಲೆಕವಚ ಬಿಡಲಿಲ್ಲ. ಹೊಡೆತ ಬಿದ್ದ ಹುಡುಗ ಸ್ಕೋರ್ ಎಷ್ಟು ಅಂತ ತಪ್ಪು ಹೇಳಿದರೆ, ವಾಂತಿ ಬಂದರೆ, ಬೆಳಕು ಚುಚ್ಚಿದರೆ ಆ ದಿನ ಮತ್ತೆ ಆಡೋ ಹಾಗಿಲ್ಲ, ಎಷ್ಟೇ 'ಆರಾಮಿದ್ದೀನಿ' ಅಂದರೂ.

ಸುಮ್ನೆ_ನೋಡ್ತೀನಿ

ಮೇಡಂ ಹೇಳಿದ್ದು ನೂರಕ್ಕೆ ನೂರು. ವಯಸ್ಸಿನ ಬಗ್ಗೆ ನನ್ನದೊಂದು ತಕರಾರು. 33 ಆದ್ಮೇಲೂ ಭಾರತ ತಂಡಕ್ಕೆ ಗುರ್‌ಪ್ರೀತ್‌ನೇ ಯಾಕೆ? ವಿಶಾಲ್ ಕೈತ್ ಇದ್ದಾನಲ್ಲ.

ಎರಡನೇ_ಕೀಪರ್

ಕೈತ್‌ಗೆ ಜಾಗ ಸಿಕ್ಕಿತ್ತು, ಸಿಗಬೇಕಾದ್ದೂ ಹೌದು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಆಫ್ಘಾನಿಸ್ತಾನಕ್ಕೆ ಗೆಲುವು ತಂದ ಪೆನಾಲ್ಟಿ ಕೊಟ್ಟಿದ್ದು ಗುರ್‌ಪ್ರೀತ್, ಅದೂ 88ನೇ ನಿಮಿಷ. ಜೂನ್ 11ರಂದು ದೋಹಾದಲ್ಲಿ ಕತಾರ್ ಹಾಕಿದ ಮೊದಲ ಗೋಲಿಗೆ ಮುಂಚೆ ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು, ನಿಜ. ಅನ್ಯಾಯವೂ ನಿಜ. ಆದರೂ ವೀಡಿಯೋ ಪರಿಶೀಲನೆ ಇಲ್ಲದ ಪಂದ್ಯದಲ್ಲಿ ಸೀಟಿ ಕೇಳೋವರೆಗೆ ಚೆಂಡು ಆಟದಲ್ಲಿದೆ ಅಂತಲೇ ಕೀಪರ್ ಎದ್ದು ನಿಲ್ಲಬೇಕು.

ಆಮೇಲೆ 2025ರಲ್ಲಿ ಖಾಲಿದ್ ಜಮೀಲ್ ಕೋಚ್ ಆಗಿ ಮತ್ತೆ ಕರೆದರು. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನ ವಿರುದ್ಧ ಪೆನಾಲ್ಟಿ ತಡೆದ, 2–1ರ ಗೆಲುವು. ಮೂರನೇ ಸ್ಥಾನಕ್ಕೆ ಓಮನ್ ವಿರುದ್ಧ ಶೂಟೌಟ್‌ನಲ್ಲಿ 3–2. ಕೀಪರ್‌ಗೆ 33 ಅಂದರೆ ಸಂಜೆ ಅಲ್ಲ. ಡಿನೋ ಝೋಫ್ 1982ರಲ್ಲಿ ವಿಶ್ವಕಪ್ ಎತ್ತಿದ್ದು 40ರಲ್ಲಿ. ಈಜಿಪ್ಟ್‌ನ ಎಸ್ಸಾಮ್ ಎಲ್ ಹದರಿ 2018ರ ವಿಶ್ವಕಪ್‌ನಲ್ಲಿ ಸೌದಿ ವಿರುದ್ಧ ಪೆನಾಲ್ಟಿ ತಡೆದಾಗ 45. ಬುಫಾನ್ 17ಕ್ಕೆ ಶುರುಮಾಡಿ 45ಕ್ಕೆ ನಿಲ್ಲಿಸಿದ.

ಹಾಗಾಗಿ ಮೂಲ ಪ್ರಶ್ನೆಗೆ ನನ್ನ ಉತ್ತರ: 20ರಿಂದ 25ರೊಳಗೆ ಮೂರು ವರ್ಷ ಬೆಂಚು ಸ್ಟ್ರೈಕರ್‌ಗೆ ದೊಡ್ಡ ನಷ್ಟ, ಕೀಪರ್‌ಗೆ ಅಲ್ಲ. ಆದರೆ ದಿನವೂ ಒಳ್ಳೆ ಕೀಪರ್ ಕೋಚ್ ಇರಬೇಕು, ಕಪ್ ಪಂದ್ಯವೋ ಎರಡನೇ ತಂಡದ ಪಂದ್ಯವೋ ಸಿಗಬೇಕು, ಹೊರಬರೋ ದಿನಾಂಕ ಮನಸ್ಸಲ್ಲಿರಬೇಕು. ಗುರ್‌ಪ್ರೀತ್ 25ಕ್ಕೆ ಹೊರಟ, 2018–19ರಲ್ಲಿ ಬಿಎಫ್‌ಸಿ ಐಎಸ್‌ಎಲ್ ಗೆದ್ದಾಗ ಅವನಿಗೇ ಗೋಲ್ಡನ್ ಗ್ಲೌವ್, ಮುಂದಿನ ಹಂಗಾಮಿನಲ್ಲೂ ಅವನಿಗೇ. ಇನ್ನೂ ಎರಡು ವರ್ಷ ಅಲ್ಲೇ ಕೂತಿದ್ದರೆ ನಾನೂ ನಿಮ್ಮ ಕಡೆ.

ಸುಮ್ನೆ_ನೋಡ್ತೀನಿ

ಹೊರಬರೋ ದಿನಾಂಕ ಅನ್ನೋದನ್ನ ಒಪ್ತೀನಿ. ಉಳಿದಿದ್ದಕ್ಕೆ ಅಮರಿಂದರ್ ಇದ್ದಾನೆ, ನಾನು ಬಿಡಲ್ಲ. ಆದರೆ ಒಪ್ಪಂದ ಮಧ್ಯದಲ್ಲಿ ಹೊರಬರೋದು ಅಷ್ಟು ಸುಲಭನಾ?

ಎರಡನೇ_ಕೀಪರ್

ಸುಲಭ ಅಲ್ಲ, ದಾರಿ ಇದೆ. ಫಿಫಾ ನಿಯಮದ ಪ್ರಕಾರ ಒಪ್ಪಂದ ಮುಗಿಯೋಕೆ 6 ತಿಂಗಳು ಉಳಿದಾಗ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದ ಮಾಡ್ಕೋಬಹುದು. ನೆಲೆ ನಿಂತ ಆಟಗಾರನಿಗೆ ಹಂಗಾಮಿನಲ್ಲಿ ಕ್ಲಬ್‌ನ ಅಧಿಕೃತ ಪಂದ್ಯಗಳ ಪೈಕಿ ಶೇ 10ಕ್ಕಿಂತ ಕಡಿಮೆ ಆಡಿಸಿದ್ದರೆ ಕ್ರೀಡಾ ಕಾರಣ ಕೊಟ್ಟು ಹೊರಬರೋ ಅವಕಾಶ ಉಂಟು, ಕೊನೆ ಪಂದ್ಯ ಆಗಿ 15 ದಿನದೊಳಗೆ ಕೇಳಬೇಕು. ಎರಡನೇ ಕೀಪರ್ ಇದನ್ನ ಸುಮ್ಮನೆ ನೆಚ್ಕೋಬಾರದು, ಬೆಂಚೇ ಅವನ ಕೆಲಸ ಅಂತ ಕ್ಲಬ್ ವಾದ ಮಾಡುತ್ತೆ.

ಸಂಬಳದ್ದು ಇನ್ನೂ ಮುಖ್ಯ. 2025–26ರ ಐಎಸ್‌ಎಲ್ ಹೊತ್ತಿಗೆ ಸರಿಯಾಗಿ ಶುರುವಾಗದೇ ಕೆಲವೆಡೆ ಸಂಬಳ ನಿಂತಿತಲ್ಲ, ಆಗ ಎಷ್ಟೋ ಜನಕ್ಕೆ ಈ ನಿಯಮ ಗೊತ್ತೇ ಇರಲಿಲ್ಲ. ಎರಡು ತಿಂಗಳ ಸಂಬಳ ಬಾಕಿಯಾದರೆ ಕ್ಲಬ್‌ಗೆ ಲಿಖಿತ ನೋಟಿಸ್ ಕೊಟ್ಟು, ಕಟ್ಟೋಕೆ ಕನಿಷ್ಠ 15 ದಿನ ಬಿಡಬೇಕು. ಆಮೇಲೂ ಬರದಿದ್ದರೆ ಒಪ್ಪಂದ ಮುರಿಯೋಕೆ ನ್ಯಾಯವಾದ ಕಾರಣ ಆಗುತ್ತೆ. ವಾಟ್ಸಾಪ್ ಮೆಸೇಜ್ ಸಾಲಲ್ಲ, ತಲುಪಿದ್ದಕ್ಕೆ ದಾಖಲೆ ಇರೋ ಪತ್ರ ಬೇಕು. 18 ತುಂಬದ ಹುಡುಗರ ಒಪ್ಪಂದ 3 ವರ್ಷ ಮೀರಬಾರದು ಅನ್ನೋದನ್ನೂ ಅಪ್ಪ ಅಮ್ಮ ತಿಳ್ಕೊಂಡಿರಲಿ.

ಆಸ್ಟಿನ್‌ಟೌನ್_ಮಣ್ಣು

ಕೊನೆಗೊಂದು. ಅಭ್ಯಾಸ ಮಾಡಿಸೋರು ಹೊಸ ನಿಯಮ ಮರೀಬೇಡಿ. 2025–26ರಿಂದ ಕೀಪರ್ ಚೆಂಡನ್ನ ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಎದುರಾಳಿಗೆ ಕಾರ್ನರ್. ಮುಂಚೆ 6 ಸೆಕೆಂಡ್ ಅಂತಿದ್ದರೂ ಯಾರೂ ಊದ್ತಿರಲಿಲ್ಲ, ಶಿಕ್ಷೆ ಪೆನಾಲ್ಟಿ ಪೆಟ್ಟಿಗೆ ಒಳಗಿನ ಫ್ರೀಕಿಕ್ ಆಗಿದ್ದರಿಂದ ರೆಫರಿಗಳೂ ಹಿಂಜರೀತಿದ್ರು. ಈಗ ಕೊನೆ 5 ಸೆಕೆಂಡನ್ನ ರೆಫರಿ ಕೈ ಎತ್ತಿ ಎಣಿಸ್ತಾರೆ.

ಹಲಸೂರು_ಕಾರ್ನರ್

ಹಿಡಿದ ಕೂಡಲೇ ನೆಲಕ್ಕೆ ಬಿದ್ದು ಹೊರಳಾಡೋ ಹುಡುಗರಿಗೆ ಎಲ್ಲಿಂದ ಎಣಿಕೆ ಶುರು?

ಗೆರೆ_ಮೇಲೆ

ಚೆಂಡು ಪೂರ್ತಿ ಹತೋಟಿಗೆ ಬಂದಿದೆ, ಮೈ ಮೇಲೆ ಯಾರೂ ಬಿದ್ದಿಲ್ಲ, ಇನ್ನು ಬಿಡಬಹುದು ಅಂತ ರೆಫರಿಗೆ ಅನಿಸಿದ ಕ್ಷಣದಿಂದ. ಹೊರಳಾಟ ಅದರಲ್ಲೇ ಸೇರಿ ಹೋಗುತ್ತೆ. ಅಭ್ಯಾಸದಲ್ಲಿ 5 ಎಣಿಸೋದರೊಳಗೆ ಎದ್ದು ಎಸೆಯೋಕೆ ಹೇಳಿ. ಹತ್ತಿರದವನಿಗೆ ನೆಲದ ಮೇಲೆ ಉರುಳಿಸೋದು, ನಡುಮೈದಾನಕ್ಕೆ ಭುಜದ ಮೇಲಿಂದ. ಎರಡೂ ಬದಿ ಮುಚ್ಚಿದ್ದರೆ ಮಾತ್ರ ಕಾಲು.